ಜೇನುಸಾಕಣೆಯೂ ಗುರುಮುಖದ ಶಿಕ್ಷಣವೂ

ಜೇನು ಸಾಕುವುದು ರೈತನಿಗೆ ಒಪ್ಪುವ ಉಪಕಸುಬೆಂಬ ಮಾತನ್ನು ಇಂದು ಅಲ್ಲಗಳೆಯುವವರು ವಿರಳ. ಅದಕ್ಕೆ ವಿಶೇಷವಾಗಿ ನೆಲ ಬೇಡ, ಎತ್ತಿನ ಜೋಡಿ ಬೇಡ, ದೊಡ್ಡ ಬಂಡವಾಳವೂ ಬೇಡ. ಜೇನೂ ಮೇಣವೂ ಕೈಗೆ ನಾಲ್ಕು ಕಾಸು ತರುವುವು. ನೊಣಗಳು ಹೂವಿನಿಂದ ಹೂವಿಗೆ ಪರಾಗವನ್ನು ಮುಟ್ಟಿಸುವುದರಿಂದ ಅನೇಕ ಪೈರುಗಳ ಫಸಲೂ ಹೆಚ್ಚುವುದು. ಇವೆಲ್ಲವೂ ದಿಟ. ಆದರೆ ಪೆಟ್ಟಿಗೆಯನ್ನು ಕೊಂಡು ತಂದವರೆಲ್ಲರೂ ಜೇನು ಸಾಕುವವರಾಗಲಿಲ್ಲವೆಂಬುದೂ ಅಷ್ಟೇ ದಿಟ. ತೋಟದ ಮೂಲೆಯಲ್ಲಿಯೋ ಕೊಟ್ಟಿಗೆಯ ಅಟ್ಟದ ಮೇಲೆಯೋ ಬರಿದಾಗಿ ಬಿದ್ದಿರುವ ಜೇನುಪೆಟ್ಟಿಗೆಯನ್ನು ಕಾಣದ ಗ್ರಾಮಪ್ರಮುಖರು ಯಾರಿದ್ದಾರೆ? ಅದರ ಮುಚ್ಚಳವನ್ನು ತೆಗೆದು ನೋಡಿದರೆ ಮೇಣದ ಹುಳುವಿನ ಬಲೆಯೂ ಇರುವೆಯ ಸಾಲೂ ಕಾಣುವುವೇ ಹೊರತು ಒಂದು ನೊಣವಾದರೂ ಇರುವುದಿಲ್ಲ.

ಇದಕ್ಕೆ ಕಾರಣವನ್ನು ಕೇಳಿದರೆ ಒಬ್ಬರು ಪೆಟ್ಟಿಗೆ ಸರಿಯಿಲ್ಲವೆನ್ನುವರು. ಮತ್ತೊಬ್ಬರು ನಮ್ಮ ಸೀಮೆಗೆ ಜೇನು ಹೊಂದುವುದಿಲ್ಲವೆನ್ನುವರು. ಇನ್ನೊಬ್ಬರು ತಮ್ಮ ಕೈಗುಣವನ್ನು ಹಳಿದುಕೊಳ್ಳುವರು. ಈ ಮೂರರಲ್ಲಿ ಕೊನೆಯದೇ ಸತ್ಯಕ್ಕೆ ಸಮೀಪವಾದುದು. ಆದರೆ ಕೈಗುಣವೆಂಬುದು ಹುಟ್ಟಿನೊಂದಿಗೆ ಬರುವ ಅದೃಷ್ಟವಲ್ಲ. ಅದು ಬಲ್ಲವರ ಪಕ್ಕದಲ್ಲಿ ನಿಂತು ಸಂಪಾದಿಸತಕ್ಕ ಅಭ್ಯಾಸ. ಪೆಟ್ಟಿಗೆಗಿಂತ ಮೊದಲು ಗುರುವನ್ನು ಹುಡುಕಬೇಕು, ಒಂದು ಪೂರ್ಣ ವರ್ಷ ಅವನ ಕೈಕೆಳಗೆ ಕೆಲಸ ಕಲಿಯದವನಿಗೆ ಪೆಟ್ಟಿಗೆಯನ್ನು ಕೊಡಬಾರದು ಎಂಬುದೇ ಈ ಲೇಖನದ ಅಭಿಪ್ರಾಯ.

ನೇಗಿಲು ಹಿಡಿಯುವುದನ್ನು ಯಾವ ರೈತನೂ ಪುಸ್ತಕದಿಂದ ಕಲಿತವನಲ್ಲ. ಜೇನಿನ ಕೆಲಸವು ಅದಕ್ಕಿಂತಲೂ ಸೂಕ್ಷ್ಮವಾದುದು. ಪೆಟ್ಟಿಗೆಯೊಳಗಿನ ಕುಟುಂಬವು ವಾರದಿಂದ ವಾರಕ್ಕೆ ಬದಲಾಗುತ್ತಿರುತ್ತದೆ. ಈ ವಾರ ಹಸಿದಿದ್ದ ಕುಟುಂಬವು ಮುಂದಿನ ವಾರ ಪಾಲಾಗಲು ಸಿದ್ಧವಾಗಿರಬಹುದು. ಇಂದು ಶಾಂತವಾಗಿದ್ದುದು ನಾಳೆ ಮೋಡ ಕವಿದಾಗ ಕೆರಳಬಹುದು. ಪುಸ್ತಕವು ಎಲ್ಲ ಕುಟುಂಬಗಳಿಗೂ ಅನ್ವಯಿಸುವ ನಿಯಮವನ್ನು ಹೇಳಬಲ್ಲುದು. ಕಣ್ಣೆದುರಿಗಿರುವ ಈ ಒಂದು ಕುಟುಂಬದ ಸ್ಥಿತಿಯೇನೆಂಬುದನ್ನು ಹೇಳಲಾರದು.

ಉದಾಹರಣೆಗೆ ಹೊಗೆಯ ವಿಷಯವನ್ನೇ ನೋಡಿರಿ. ಪೆಟ್ಟಿಗೆಯನ್ನು ತೆರೆಯುವಾಗ ಹೊಗೆ ಹಾಕಬೇಕೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಎಷ್ಟು? ಹೊಗೆತಿದಿಯಿಂದ ತಣ್ಣನೆಯ ಬಿಳಿ ಹೊಗೆಯನ್ನು ಒಂದೆರಡು ಸಲ ಬಿಟ್ಟರೆ ನೊಣಗಳು ಜೇನನ್ನು ಹೀರಿಕೊಂಡು ಮೆತ್ತಗಾಗುವುವು. ಹೆಚ್ಚಾದರೆ ನಮ್ಮ ತುಡುವೆ ಜೇನು ಗಾಬರಿಗೊಂಡು ಎರಿಯನ್ನು ಬಿಟ್ಟು ಮೂಲೆಗೆ ಓಡುವುದು. ಸಾಕಷ್ಟು ಆಯಿತೆಂಬುದನ್ನು ತಿಳಿಸುವುದು ನೊಣಗಳ ಸದ್ದು. ಆ ಸದ್ದಿನ ಏರಿಳಿತವನ್ನು ಬಲ್ಲವನು ಪಕ್ಕದಲ್ಲಿ ನಿಂತು 'ಇಷ್ಟು ಸಾಕು' ಎಂದಾಗ ಮಾತ್ರ ಕಿವಿಗೆ ಅದರ ಗುರುತು ಹತ್ತುವುದು.

ಹಾಗೆಯೇ ಚೌಕಟ್ಟನ್ನು ಎತ್ತುವ ಬಗೆ. ಹೊಸ ಎರಿಯು ಬಿಸಿಲ ಕಾಲದಲ್ಲಿ ಬೆಣ್ಣೆಯಂತೆ ಮೆದುವಾಗಿರುವುದರಿಂದ ಚೌಕಟ್ಟನ್ನು ಅಡ್ಡಲಾಗಿ ಮಲಗಿಸಿ ಹಿಡಿದರೆ ಅದು ಕಳಚಿ ಬೀಳುವುದು. ನೆಟ್ಟಗೆ ಹಿಡಿದೇ ತಿರುವಿ ನೋಡಬೇಕು. ಮೊಟ್ಟೆಮರಿಗಳಿರುವ ಎರಿಗಳ ನಡುವೆ ನೊಣಗಳು ಸುಮಾರು ೩೩ರಿಂದ ೩೫ ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ಕಾಪಾಡಿಕೊಂಡಿರುತ್ತವೆ. ಆದುದರಿಂದ ಪೆಟ್ಟಿಗೆಯನ್ನು ಬಹಳ ಹೊತ್ತು ತೆರೆದಿಡಬಾರದು. ಬೇಗ ನೋಡಿ ಮುಗಿಸಬೇಕಾದರೆ ಏನನ್ನು ನೋಡಬೇಕೆಂಬುದು ಮೊದಲೇ ತಿಳಿದಿರಬೇಕು. ಕಣದ ತಳದಲ್ಲಿ ನಿಂತಿರುವ ಒಂದೊಂದು ಮೊಟ್ಟೆಯನ್ನು ಕಂಡರೆ ರಾಣಿಯನ್ನು ಹುಡುಕುವ ಶ್ರಮ ಬೇಡ. ಆಕೆ ಮೂರು ದಿನಗಳ ಹಿಂದಿನವರೆಗಾದರೂ ಇದ್ದಳೆಂದು ತಿಳಿಯಬಹುದು. ಒಂದೇ ಕಣದಲ್ಲಿ ಹಲವು ಮೊಟ್ಟೆಗಳು ಅಸ್ತವ್ಯಸ್ತವಾಗಿದ್ದರೆ ರಾಣಿಯು ಇಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆಯಿಡುತ್ತಿವೆಯೆಂದು ಸಂಶಯಪಡಬೇಕು. ಮುಚ್ಚಳದ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೆ ಅದು ತುಡುವೆಯ ಗಂಡುನೊಣದ ಕಣ. ಎರಿಯ ಕೆಳಅಂಚಿನಲ್ಲಿ ರಾಣಿ ಕಣಗಳು ಸಾಲಾಗಿ ಜೋತುಬಿದ್ದಿದ್ದರೆ ಕುಟುಂಬವು ಪಾಲಾಗುವ ಸೂಚನೆ. ಎರಿಯ ನಡುವೆ ಅವಸರದಲ್ಲಿ ಕಟ್ಟಿದ್ದರೆ ರಾಣಿ ಸತ್ತಿರುವ ಸೂಚನೆ. ಇವುಗಳನ್ನು ಇಲ್ಲಿ ಓದುವುದಕ್ಕೆ ಎರಡು ನಿಮಿಷ ಸಾಕು. ನೂರಾರು ನೊಣಗಳು ಹರಿದಾಡುವ ಎರಿಯ ಮೇಲೆ ಇವುಗಳನ್ನು ಗುರುತಿಸುವುದಕ್ಕೆ ಒಬ್ಬರು ಬೆರಳಿಟ್ಟು ತೋರಿಸಲೇಬೇಕು.

ಪುಸ್ತಕವನ್ನೇ ನಂಬಿದವನಿಗೆ ಮತ್ತೊಂದು ತೊಡಕುಂಟು. ಜೇನಿನ ಮೇಲೆ ಬಂದಿರುವ ದೊಡ್ಡ ಗ್ರಂಥಗಳಲ್ಲಿ ಬಹುಪಾಲು ಯುರೋಪಿನ ಜೇನನ್ನು ಕುರಿತವು. ಆ ಜಾತಿಯ ಕೆಲಸಗಾರ ನೊಣವು ಮೊಟ್ಟೆಯಿಂದ ಹೊರಬೀಳಲು ೨೧ ದಿನ ಬೇಕು. ತುಡುವೆಗೆ ಅದಕ್ಕಿಂತ ಕಡಿಮೆ. ಆ ನೊಣ ದೊಡ್ಡದಾದುದರಿಂದ ಅದರ ಕಣವೂ, ಎರಿ ಎರಿಗಳ ನಡುವೆ ಬಿಡಬೇಕಾದ ಅಂತರವೂ ದೊಡ್ಡವು. ತುಡುವೆಯು ತೊಂದರೆಯಾದರೆ ಗೂಡನ್ನೇ ಬಿಟ್ಟು ಹಾರಿಹೋಗುವ ಸ್ವಭಾವದ್ದು; ಯುರೋಪಿನ ಜೇನಿಗೆ ಆ ಸ್ವಭಾವ ಬಹಳ ಕಡಿಮೆ. ಹೀಗಿರುವಲ್ಲಿ ಆ ಗ್ರಂಥಗಳನ್ನು ಅಕ್ಷರಶಃ ಅನುಸರಿಸಿದವನ ಪೆಟ್ಟಿಗೆ ಬರಿದಾಗುವುದರಲ್ಲಿ ಆಶ್ಚರ್ಯವೇನು?

ಈ ವಿದ್ಯೆಯ ಚರಿತ್ರೆಯೂ ಇದೇ ಮಾತನ್ನು ಹೇಳುತ್ತದೆ. ಆಸ್ಟ್ರಿಯಾ ದೇಶದ ಮಹಾರಾಣಿ ಮರಿಯಾ ಥೆರೇಸಾ ಎಂಬಾಕೆಯು ತನ್ನ ಪ್ರಜೆಗಳಲ್ಲಿ ಜೇನುಸಾಕಣೆಯನ್ನು ಹಬ್ಬಿಸಬೇಕೆಂದಾಗ ಮೊದಲು ಮಾಡಿದ ಏರ್ಪಾಡುಗಳಲ್ಲಿ ಒಂದು ಗುರುವನ್ನು ನೇಮಿಸಿದುದು. ಸ್ಲೊವೇನಿಯಾ ಸೀಮೆಯ ರೈತಕುಟುಂಬದ ಆಂಟನ್ ಯಾನ್ಷಾ ಎಂಬಾತನು ೧೭೭೦ರಲ್ಲಿ ವಿಯೆನ್ನಾ ನಗರದಲ್ಲಿ ಆ ಹುದ್ದೆಯನ್ನು ವಹಿಸಿದನು. ಆತನು ೧೭೭೩ರಲ್ಲಿ ತೀರಿಕೊಂಡರೂ ಆತನ ಹೆಸರು ಅಳಿಯಲಿಲ್ಲ. ೨೦೧೭ರಲ್ಲಿ ವಿಶ್ವಸಂಸ್ಥೆಯು ಮೇ ೨೦ನೆಯ ತಾರೀಖನ್ನು ವಿಶ್ವ ಜೇನು ದಿನವೆಂದು ಘೋಷಿಸಿದುದು ಆತನ ಜನ್ಮದಿನದ ಸ್ಮರಣಾರ್ಥವಾಗಿಯೇ. ಲೋಕವು ಆ ದಿನಕ್ಕೆ ಆರಿಸಿಕೊಂಡುದು ಒಬ್ಬ ಉಪಾಧ್ಯಾಯನನ್ನು ಎಂಬುದನ್ನು ಮರೆಯಬಾರದು.

ನಮ್ಮ ದಕ್ಷಿಣದೇಶದಲ್ಲಿಯೂ ಹೀಗೆಯೇ ಆಯಿತು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬವರು ೧೮೫೧ರಲ್ಲಿ ಎರಿಗಳ ಸುತ್ತ ನೊಣವು ನಡೆದಾಡಲು ಬಿಡುವ ಸಂದಿನ ಅಳತೆಯ ರಹಸ್ಯವನ್ನು ಗ್ರಹಿಸಿ, ಚೌಕಟ್ಟುಗಳನ್ನು ಎತ್ತಿ ಇಡಬಹುದಾದ ಪೆಟ್ಟಿಗೆಗೆ ದಾರಿಮಾಡಿದರು. ಆ ತತ್ತ್ವವನ್ನು ನಮ್ಮ ಚಿಕ್ಕ ತುಡುವೆಗೆ ಹೊಂದಿಸಿ ಪೆಟ್ಟಿಗೆಯನ್ನು ನಿರ್ಮಿಸಿದವರು ಪಾದ್ರಿ ನ್ಯೂಟನ್ ಎಂಬವರು. ಅವರು ಪೆಟ್ಟಿಗೆಯನ್ನು ನಿರ್ಮಿಸಿ ಸುಮ್ಮನಾಗಲಿಲ್ಲ. ೧೯೧೧ರಿಂದ ೧೯೧೭ರವರೆಗೆ ಹಳ್ಳಿಯ ಜನರಿಗೆ ಅದರ ಉಪಯೋಗವನ್ನು ತಾವೇ ಕಲಿಸಿದರು. ಆ ಪೆಟ್ಟಿಗೆಯು ಇಂದಿಗೂ ಅವರ ಹೆಸರಿನಿಂದ ಪ್ರಸಿದ್ಧವಾಗಿದೆ. ೧೯೨೫ರಲ್ಲಿ ಮೈಸೂರು ಸೀಮೆಯಲ್ಲಿಯೂ ೧೯೩೪ರಲ್ಲಿ ಕೊಡಗಿನಲ್ಲಿಯೂ ಹೊಸ ಪದ್ಧತಿಯ ಜೇನುಸಾಕಣೆ ಆರಂಭವಾಯಿತು. ಅನಂತರ ಕೊಡಗು ಮತ್ತು ದಕ್ಷಿಣ ಕನ್ನಡಗಳಲ್ಲಿ ಅದು ಮನೆಮನೆಯ ಕಸುಬಾಗಿ ಬೆಳೆಯಿತು. ತಂದೆಯಿಂದ ಮಗನಿಗೂ ನೆರೆಯವನಿಂದ ನೆರೆಯವನಿಗೂ ಕೈಯಿಂದ ಕೈಗೆ ದಾಟಿತು.

ಈ ಪರಂಪರೆಗೆ ೧೯೯೧-೯೨ರಲ್ಲಿ ದೊಡ್ಡ ಪೆಟ್ಟು ಬಿದ್ದಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ದಕ್ಷಿಣ ಭಾರತದ ತುಡುವೆಗಳಿಗೆ ತಗುಲಿತು. ಮರಿಗಳು ಕೋಶಕ್ಕೆ ತಿರುಗುವ ಮೊದಲೇ ಕಣದೊಳಗೆ ಅಂಗಾತವಾಗಿ ಚಾಚಿಕೊಂಡು ನೀರು ತುಂಬಿದ ಚೀಲದಂತಾಗಿ ಸತ್ತುವು. ಈ ರೋಗಕ್ಕೆ ಔಷಧವಿರಲಿಲ್ಲ. ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಸಾಕಿದ ತುಡುವೆಯ ಬಹುಪಾಲು ಕುಟುಂಬಗಳು ನಾಶವಾದುವು. ಉಳಿದ ಕುಟುಂಬಗಳಿಂದಲೂ ಕಾಡಿನಿಂದ ತಂದು ಕೂಡಿಸಿದ ಕುಟುಂಬಗಳಿಂದಲೂ ಮೆಲ್ಲಮೆಲ್ಲನೆ ತುಡುವೆಯು ಮತ್ತೆ ವೃದ್ಧಿಯಾಯಿತು.

ನೊಣಗಳ ನಷ್ಟವನ್ನು ಎಲ್ಲರೂ ಕಂಡರು. ಅದರೊಂದಿಗೆ ಆದ ಇನ್ನೊಂದು ನಷ್ಟವನ್ನು ಕಂಡವರು ಕಡಿಮೆ. ಪೆಟ್ಟಿಗೆಗಳು ಬರಿದಾದ ಮನೆಗಳಲ್ಲಿ ಆ ವರ್ಷಗಳಲ್ಲಿ ಬೆಳೆದ ಹುಡುಗರಿಗೆ ಕಲಿಯುವುದಕ್ಕೆ ಕುಟುಂಬಗಳೇ ಇರಲಿಲ್ಲ. ನೊಣಗಳು ತಿರುಗಿ ಬಂದರೂ ಅವನ್ನು ನೋಡಿಕೊಳ್ಳುವ ಕೈಗಳ ಸರಣಿಯು ಅನೇಕ ಕಡೆ ತುಂಡಾಯಿತು. ರೋಗದ ಮೊದಲು ಮೂವತ್ತು ವರ್ಷದವರಾಗಿದ್ದ ಅನುಭವಿಗಳು ಇಂದು ಅರುವತ್ತನ್ನು ದಾಟಿದ್ದಾರೆ. ಅವರಲ್ಲಿ ಇರುವ ಜ್ಞಾನವು ಯಾವ ಕಡತದಲ್ಲಿಯೂ ಇಲ್ಲ. ನಮ್ಮ ಊರ ಮಗ್ಗುಲಿನ ಯಾವ ಮರ ಯಾವ ತಿಂಗಳು ಹೂಬಿಡುವುದು, ಯಾವ ಗಾಳಿಗೆ ಪೆಟ್ಟಿಗೆಯ ಬಾಗಿಲನ್ನು ಯಾವ ದಿಕ್ಕಿಗೆ ತಿರುಗಿಸಬೇಕು, ಮಳೆಗಾಲದ ಯಾವ ಹೊತ್ತಿನಲ್ಲಿ ಕುಟುಂಬವು ಕುಗ್ಗುವುದು ಎಂಬಿವೆಲ್ಲವೂ ಅವರ ನೆನಪಿನಲ್ಲಿ ಮಾತ್ರ ಇವೆ. ಅವರು ಇರುವಾಗಲೇ ಕಲಿತುಕೊಳ್ಳದಿದ್ದರೆ ಮುಂದಿನವರು ಮೊದಲಿನಿಂದ ಆರಂಭಿಸಬೇಕಾಗುವುದು. ಆದುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.

ಕೆಲವರು ಆಕ್ಷೇಪಿಸಬಹುದು: ಸರ್ಕಾರದ ಇಲಾಖೆಗಳೂ ಕೃಷಿ ವಿಶ್ವವಿದ್ಯಾನಿಲಯಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ತರಬೇತಿ ಶಿಬಿರಗಳನ್ನು ನಡೆಸುತ್ತಿರುವಾಗ ಬೇರೆ ಗುರುವೇಕೆ? ಶಿಬಿರಗಳು ಅವಶ್ಯಕವಾದುವು, ಅವುಗಳಿಗೆ ಹೋಗಿ ಬರಬೇಕು. ರೋಗದ ಲಕ್ಷಣ, ಉಪಕರಣಗಳ ಅಳತೆ, ಜೇನಿನ ಶುದ್ಧತೆಯ ನಿಯಮ ಮುಂತಾದ ಶಾಸ್ತ್ರೀಯ ವಿಷಯಗಳು ಅಲ್ಲಿ ದೊರೆಯುವುವು. ಆದರೆ ಕೆಲವು ದಿನಗಳ ಶಿಬಿರದಲ್ಲಿ ಒಂದು ಋತುವಿನ ಜೇನನ್ನು ಮಾತ್ರ ನೋಡಬಹುದು. ಜೇನು ಸಾಕುವವನ ಪರೀಕ್ಷೆಯು ಉಳಿದ ಋತುಗಳಲ್ಲಿಯೇ ನಡೆಯುವುದು.

ಮಲೆನಾಡು ಮತ್ತು ಕರಾವಳಿಯ ಒಂದು ವರ್ಷವನ್ನು ತೆಗೆದುಕೊಳ್ಳೋಣ. ಮಳೆ ಕಳೆದು ಹೂವುಗಳು ಕಾಣಿಸತೊಡಗಿದಾಗ ಶಿಷ್ಯನು ಗುರುವಿನ ಬಳಿ ಸೇರಬೇಕು. ಮೊದಲು ಕೆಲವು ದಿನ ಪೆಟ್ಟಿಗೆಯ ಬಾಗಿಲ ಮಗ್ಗುಲಲ್ಲಿ ಕುಳಿತು ನೋಡುವುದೇ ಕೆಲಸ. ನೊಣಗಳು ಕಾಲಿನಲ್ಲಿ ಪರಾಗದ ಉಂಡೆಗಳನ್ನು ತರುತ್ತಿದ್ದರೆ ಒಳಗೆ ಮರಿಗಳು ಬೆಳೆಯುತ್ತಿವೆಯೆಂದು ಅಲ್ಲಿಯೇ ತಿಳಿಯುವುದು. ಆಮೇಲೆ ಚೌಕಟ್ಟನ್ನು ಹಿಡಿಯುವುದು, ಮೊಟ್ಟೆಯನ್ನು ಗುರುತಿಸುವುದು. ಕುಟುಂಬವು ಬಲಿತು ಪಾಲಾಗುವ ಕಾಲ ಬಂದಾಗ ರಾಣಿ ಕಣವಿರುವ ಎರಿಯೊಡನೆ ಅದನ್ನು ಎರಡು ಮಾಡುವುದನ್ನು ಕಲಿಯಬೇಕು. ಬೇಸಗೆಯ ಹೂವಿನ ಸುಗ್ಗಿಯಲ್ಲಿ ಮೇಲಿನ ಜೇನುಕೋಣೆಯ ಎರಿಗಳಲ್ಲಿ ಮುಕ್ಕಾಲು ಪಾಲಾದರೂ ಮೇಣದ ಮುಚ್ಚಳ ಬಿದ್ದ ಮೇಲೆ ಮಾತ್ರ ಜೇನು ತೆಗೆಯಬೇಕೆಂಬುದನ್ನೂ, ಕೆಳಗಿನ ಸಂಸಾರಕೋಣೆಯ ಜೇನನ್ನು ನೊಣಗಳಿಗೇ ಬಿಡಬೇಕೆಂಬುದನ್ನೂ ಕಲಿಯಬೇಕು. ಮುಚ್ಚಳ ಬೀಳದ ಹಸಿ ಜೇನಿನಲ್ಲಿ ನೀರಿನ ಅಂಶವು ಹೆಚ್ಚಾಗಿ ಅದು ಹುಳಿಯುವುದು. ಶೇಕಡ ೨೦ಕ್ಕಿಂತ ಹೆಚ್ಚು ನೀರಿರುವ ಜೇನು ಸರ್ಕಾರದ ಆಹಾರಪ್ರಮಾಣಕ್ಕೂ ಹೊಂದುವುದಿಲ್ಲ.

ಇಷ್ಟಕ್ಕೆ ವಿದ್ಯೆ ಮುಗಿಯಿತೆಂದು ತಿಳಿದು ಮನೆಗೆ ಹೋದವನ ಪೆಟ್ಟಿಗೆಯೇ ಮುಂದಿನ ದೀಪಾವಳಿಗೆ ಬರಿದಾಗುವುದು. ಏಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೇ ನಿಜವಾದ ಗಂಡಾಂತರ. ಆಗ ಹೂವಿಲ್ಲ, ಇದ್ದರೂ ನೊಣವು ಹೊರಗೆ ಹೋಗಲಾರದು. ಸಕ್ಕರೆಪಾಕವನ್ನು ಸಂಜೆಯ ಹೊತ್ತು ಚೆಲ್ಲದಂತೆ ಒಳಗಿಡಬೇಕು. ನೊಣಗಳು ಆವರಿಸದ ಎರಿಗಳನ್ನು ತೆಗೆದು ಮೇಣದ ಹುಳು ಮುಟ್ಟದಂತೆ ಕಾಪಾಡಬೇಕು. ಪೀಠದ ಕಾಲುಗಳಿಗೆ ನೀರಿನ ಬಟ್ಟಲಿಟ್ಟು ಇರುವೆಯನ್ನು ತಡೆಯಬೇಕು. ಬಾಗಿಲನ್ನು ಕಿರಿದು ಮಾಡಬೇಕು. ಜೇನು ಬಾರದ ಈ ನಾಲ್ಕು ತಿಂಗಳಿನಲ್ಲಿ ಪೆಟ್ಟಿಗೆಯ ಬಳಿಗೆ ಹೋಗುವ ಅಭ್ಯಾಸವನ್ನು ಮಾಡಿಸುವವನೇ ಗುರು. ಆದುದರಿಂದಲೇ ಒಂದು ಪೂರ್ಣ ವರ್ಷವೆಂದು ಹೇಳಿದ್ದು.

ಇನ್ನು ಕೆಲವರು, ನಮ್ಮ ಹಿರಿಯರು ಯಾರಿಂದಲೂ ಕಲಿಯದೆ ಜೇನು ಕೊಯ್ಯುತ್ತಿರಲಿಲ್ಲವೇ ಎಂದು ಕೇಳುವರು. ಕೊಯ್ಯುವುದು ಬೇರೆ, ಸಾಕುವುದು ಬೇರೆ. ಬಂಡೆಯ ಹೆಜ್ಜೇನನ್ನು ಕೊಯ್ಯುವ ಸಾಹಸಿಗಳು ಕೂಡ ತಮ್ಮ ಹಿರಿಯರ ಹಿಂದೆ ಹಗ್ಗ ಹಿಡಿದು ನಿಂತೇ ಅದನ್ನು ಕಲಿತವರು. ಅವರ ಧೈರ್ಯವೂ ಕಾಡಿನ ತಿಳಿವಳಿಕೆಯೂ ಗೌರವಾರ್ಹವಾದುವು. ಆದರೆ ಹೆಜ್ಜೇನು ಪೆಟ್ಟಿಗೆಯಲ್ಲಿ ನಿಲ್ಲತಕ್ಕುದಲ್ಲ. ತುಡುವೆಯ ಸಾಕಣೆಗೆ ಬೇರೆಯ ಕೈಯೇ ಬೇಕು.

ತಮಗೆ ವಯಸ್ಸಾಯಿತು, ಕಾರ್ಯಬಾಹುಳ್ಯವುಂಟು, ಪೆಟ್ಟಿಗೆಯ ಮುಂದೆ ನಿಲ್ಲಲು ಬಿಡುವಿಲ್ಲ ಎಂದು ಭೂಮಾಲೀಕರು ಹೇಳುವುದುಂಟು. ಅಂಥವರು ಜಿನೀವಾ ನಗರದ ಫ್ರಾನ್ಸ್ವಾ ಹ್ಯೂಬರ್ ಎಂಬವರ ವೃತ್ತಾಂತವನ್ನು ಕೇಳಬೇಕು. ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಅವರು ೧೭೯೨ರಲ್ಲಿ ಪ್ರಕಟಿಸಿದ ಗ್ರಂಥದಿಂದ ಜೇನಿನ ಶಾಸ್ತ್ರವೇ ಹೊಸ ರೂಪವನ್ನು ಪಡೆಯಿತು. ಪ್ರಶ್ನೆಗಳು ಅವರವು, ಕಣ್ಣೂ ಕೈಯೂ ಅವರ ಸೇವಕನಾದ ಬ್ಯೂರ್ನೆನ್ಸ್ ಎಂಬಾತನವು. ಯಜಮಾನನು ದಿನವೂ ಶ್ರದ್ಧೆಯಿಂದ ಪ್ರಶ್ನೆ ಕೇಳಿದುದರಿಂದ ಸೇವಕನು ದಿನವೂ ಶ್ರದ್ಧೆಯಿಂದ ನೋಡಿದನು. ತಾವು ಎರಿಯನ್ನು ಎತ್ತಲಾರದ ಭೂಮಾಲೀಕರು ತಮ್ಮ ಮನೆಯ ಅಥವಾ ತೋಟದ ತರುಣನನ್ನು ಕಲಿಯಲು ಕಳುಹಿಸಿ, ವಾರಕ್ಕೊಮ್ಮೆ ಅವನಿಂದ ವಿವರವನ್ನು ಕೇಳಿದರೆ ಸಾಕು. ಕೇಳುವ ಯಜಮಾನನಿಲ್ಲದ ಪೆಟ್ಟಿಗೆಯನ್ನು ನೋಡುವ ಆಳೂ ಇರುವುದಿಲ್ಲ.

ಗುರುವನ್ನು ಆರಿಸುವುದರಲ್ಲಿ ಎಚ್ಚರಿಕೆ ಬೇಕು. ಬಹಳ ವರ್ಷದಿಂದ ಪೆಟ್ಟಿಗೆ ಇಟ್ಟವರೆಲ್ಲರೂ ಗುರುಗಳಲ್ಲ. ತಪ್ಪನ್ನೇ ಬಹಳ ವರ್ಷ ಮಾಡಿದವರೂ ಇರಬಹುದು. ಮಳೆಗಾಲದ ಮೊದಲು ಎಷ್ಟು ಕುಟುಂಬಗಳಿದ್ದುವು, ಅನಂತರ ಎಷ್ಟು ಉಳಿದುವು ಎಂದು ಕೇಳಿರಿ. ಜೇನಿನ ತೂಕವನ್ನು ಆಮೇಲೆ ಕೇಳಬಹುದು. ಎರಿಗಳನ್ನು ಹಿಂಡದೆ ಯಂತ್ರದಿಂದ ಜೇನು ತೆಗೆದು ಎರಿಯನ್ನು ಮರಳಿ ಕೊಡುವರೇ ಎಂದು ನೋಡಿರಿ. ನೀವು ಸಾಕಬೇಕೆಂದಿರುವ ಜಾತಿಯ ಜೇನನ್ನೇ ಅವರು ಸಾಕಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಚೌಕಟ್ಟನ್ನು ಶಿಷ್ಯನ ಕೈಗೆ ಕೊಡುವರೋ ಅಥವಾ ತಾವೇ ಮಾಡಿ ತೋರಿಸಿ ಕಳುಹಿಸುವರೋ ಎಂಬುದನ್ನು ಗಮನಿಸಿರಿ. ನೋಡಿ ಕಲಿತುದು ಅರ್ಧ ವಿದ್ಯೆ. ಮಾಡಿ ಕಲಿತುದೇ ಪೂರ್ಣ ವಿದ್ಯೆ.

ಕುಟುಕಿನ ಭಯವೂ ಗುರುವಿನ ಸಮ್ಮುಖದಲ್ಲಿಯೇ ಕಳೆಯತಕ್ಕುದು. ಕುಟುಕಿದ ಕೂಡಲೆ ಕೈಯನ್ನು ಒದರಿದರೆ ಎರಿ ಬೀಳುವುದು. ಕೊಂಡಿಯಿಂದ ಹೊರಡುವ ವಾಸನೆಯು ಮಿಕ್ಕ ನೊಣಗಳನ್ನು ಕೆರಳಿಸುವುದು. ಕೊಂಡಿಯನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆದು ಆ ಸ್ಥಳಕ್ಕೆ ಹೊಗೆ ಹಿಡಿಯಬೇಕು. ಯಾರಿಗಾದರೂ ಮೈಯೆಲ್ಲ ದದ್ದು, ಉಸಿರಿನ ಕಷ್ಟ ಅಥವಾ ತಲೆತಿರುಗುವಿಕೆ ಕಂಡರೆ ಕ್ಷಣವೂ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಅಂಥವರಿಗೆ ಈ ಕಸುಬು ತಕ್ಕುದಲ್ಲ.

ಭೂಮಾಲೀಕರಿಗೆ ಇದರಿಂದ ಆಗುವ ಪ್ರಯೋಜನವು ಜೇನಿಗಷ್ಟೇ ಸೀಮಿತವಲ್ಲ. ಏಲಕ್ಕಿಯ ಹೂವಿಗೆ ಜೇನುನೊಣವೇ ಮುಖ್ಯ ಪರಾಗವಾಹಕ. ರೊಬಸ್ಟಾ ಕಾಫಿಯ ಗಿಡವು ತನ್ನ ಪರಾಗದಿಂದ ತಾನು ಕಾಯಿ ಕಚ್ಚಲಾರದು. ಹೂಮಳೆಯ ಅನಂತರ ಅದರ ಹೂವು ಅರಳಿರುವ ಕೆಲವೇ ದಿನಗಳಲ್ಲಿ ಗಾಳಿಯೊಡನೆ ನೊಣಗಳೂ ದುಡಿಯಬೇಕು. ಸೌತೆ, ಕುಂಬಳ, ಹೀರೆಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆಯಾದುದರಿಂದ ಕೀಟಗಳಿಲ್ಲದೆ ಕಾಯಿಯಿಲ್ಲ. ಬಯಲುಸೀಮೆಯ ಸೂರ್ಯಕಾಂತಿಯಲ್ಲಿ ಕಾಳು ಕಟ್ಟುವುದಕ್ಕೂ ನೊಣಗಳು ಬೇಕು. ಆದುದರಿಂದ ಹೂವಿನ ಕಾಲದಲ್ಲಿ ಕೀಟನಾಶಕವನ್ನು ಸಿಂಪಡಿಸದಂತೆ, ಅನಿವಾರ್ಯವಾದರೆ ನೊಣಗಳು ಗೂಡು ಸೇರಿದ ಸಂಜೆಯ ಮೇಲೆ ನೆರೆಹೊರೆಗೆ ತಿಳಿಸಿ ಸಿಂಪಡಿಸುವಂತೆ ಊರಿನಲ್ಲಿ ಕಟ್ಟುಮಾಡುವುದು ಗ್ರಾಮಪ್ರಮುಖರಿಂದಲೇ ಆಗತಕ್ಕ ಕೆಲಸ. ಶಿಷ್ಯನು ಎಷ್ಟೇ ಚೆನ್ನಾಗಿ ಕಲಿತರೂ ಪಕ್ಕದ ಹೊಲದ ವಿಷವನ್ನು ಅವನೊಬ್ಬನೇ ತಡೆಯಲಾರನು.

ಈ ಕಾರಣಗಳಿಂದ ಗ್ರಾಮದ ಹಿರಿಯರಲ್ಲಿಯೂ ಭೂಮಾಲೀಕರಲ್ಲಿಯೂ ನಮ್ಮ ಅರಿಕೆ ಇಷ್ಟು. ನಿಮ್ಮ ಊರಿನ ಸುತ್ತಿನಲ್ಲಿ ಐದು ಮಳೆಗಾಲಗಳನ್ನಾದರೂ ಜೇನಿನೊಡನೆ ಕಳೆದಿರುವ ಅನುಭವಿಗಳು ಯಾರಿದ್ದಾರೆಂದು ವಿಚಾರಿಸಿರಿ. ಅವರ ಬಳಿಗೆ ಊರಿನಿಂದ ಇಬ್ಬರನ್ನು ಕಳುಹಿಸಿರಿ. ಒಬ್ಬನು ಕಸುಬನ್ನು ಬಿಟ್ಟರೂ ಮತ್ತೊಬ್ಬನು ಉಳಿಯುವನು. ನೆಲವಿಲ್ಲದ ಮನೆಯ ತರುಣರನ್ನೂ ಹೆಂಗಸರನ್ನೂ ಮರೆಯಬೇಡಿರಿ. ಅವರಿಗೆ ಈ ಕಸುಬು ಹೆಚ್ಚು ಒದಗುವುದು. ಗುರುವಿಗೆ ಗೌರವದ ಸಂಭಾವನೆಯನ್ನು ಕೊಡಿರಿ, ಅಥವಾ ಹೂವಿರುವ ನಿಮ್ಮ ತೋಟದಲ್ಲಿ ಅವರ ಪೆಟ್ಟಿಗೆಗಳಿಗೆ ಸ್ಥಳವನ್ನು ಕೊಡಿರಿ. ಎರಡು ಕಡೆಗೂ ಲಾಭವುಂಟು. ವರ್ಷ ಮುಗಿದ ಮೇಲೆ ಶಿಷ್ಯನಿಗೆ ಎರಡೇ ಕುಟುಂಬಗಳನ್ನು ಕೊಡಿಸಿರಿ. ಒಂದೇ ಇದ್ದರೆ ಹೋಲಿಸಿ ನೋಡಲು ಬರುವುದಿಲ್ಲ. ಎರಡಿದ್ದರೆ ಒಂದು ಸೊರಗಿದಾಗ ಇನ್ನೊಂದರ ಮೊಟ್ಟೆಮರಿಯ ಎರಿಯನ್ನು ಕೊಟ್ಟು ಉಳಿಸಬಹುದು. ಹತ್ತಿದ್ದರೆ ಹೊಸಬನು ಹತ್ತನ್ನೂ ಕೆಡಿಸುವನು. ಪೆಟ್ಟಿಗೆಯ ಅಳತೆಯು ಗುರುವಿನ ಪೆಟ್ಟಿಗೆಯ ಅಳತೆಯೇ ಆಗಿರಲಿ. ಎರಿಗಳನ್ನು ಅದಲುಬದಲು ಮಾಡಲು ಅನುಕೂಲವಾಗುವುದು.

ಇಲಾಖೆಗಳೂ ತಮ್ಮ ಲೆಕ್ಕವನ್ನು ಸ್ವಲ್ಪ ತಿದ್ದಿಕೊಳ್ಳುವುದು ಒಳ್ಳೆಯದು. ಹಂಚಿದ ಪೆಟ್ಟಿಗೆಗಳನ್ನು ಎಣಿಸುವುದು ಸುಲಭ. ಹಂಚಿದ ಒಂದು ವರ್ಷದ ಮೇಲೆ, ಒಂದು ಮಳೆಗಾಲವನ್ನು ದಾಟಿ, ಎಷ್ಟು ಪೆಟ್ಟಿಗೆಗಳಲ್ಲಿ ನೊಣಗಳಿವೆಯೆಂದು ಎಣಿಸಿದರೆ ಆ ಸಂಖ್ಯೆಯು ಹಂಚಿಕೆಯನ್ನಲ್ಲ, ಕಲಿಕೆಯನ್ನು ತಿಳಿಸುವುದು. ಊರಿನ ಪ್ರಮುಖರು ಇಲಾಖೆಯನ್ನು ಪೆಟ್ಟಿಗೆಗಾಗಿ ಕೇಳುವ ಮೊದಲು, ತಮ್ಮ ಸುತ್ತಿನ ಒಬ್ಬ ಅನುಭವಿಯ ಹೆಸರನ್ನೂ ಅವರಲ್ಲಿ ಕಲಿಯಲು ಸಿದ್ಧರಾಗಿರುವ ಇಬ್ಬರ ಹೆಸರನ್ನೂ ಬರೆದುಕೊಂಡು ಬರಲಿ. ಈ ಮೂರು ಹೆಸರುಗಳು ದೊರೆತ ಊರಿನಲ್ಲಿ ಪೆಟ್ಟಿಗೆಯು ಬರಿದಾಗಿ ಅಟ್ಟವನ್ನು ಸೇರುವ ಭಯವು ಬಹುಮಟ್ಟಿಗೆ ಕಡಿಮೆಯಾಗುವುದು.